ಲಾರಿ ಕೊಳ್ಳಲಿಲ್ಲ, ಓಡಿಸಲು ಕಲಿತೆ

ಶಿವಮೊಗ್ಗದ ಒಂದು ಖಾಸಗಿ ಸಾಲ ಸಂಸ್ಥೆಯಲ್ಲಿದ್ದ ಏರಿಯಾ ಮ್ಯಾನೇಜರ್ ಹುದ್ದೆಯನ್ನು ಬಿಟ್ಟು ಲಾರಿ ಓಡಿಸುತ್ತೇನೆಂದು ಹೇಳಿದಾಗ, ಬೇಡವೆಂದವರಿಗಿಂತ ‘ಹಾಗಾದರೆ ಸ್ವಂತ ಲಾರಿಯನ್ನೇ ತೆಗೆದುಕೊಳ್ಳಿ’ ಎಂದವರೇ ಹೆಚ್ಚು. ಮಾಲೀಕನಾದರೆ ಸರಿ, ಡ್ರೈವರ್ ಆದರೆ ನಾಲ್ಕು ಜನರೆದುರು ಹೇಗೆ ಹೇಳಿಕೊಳ್ಳುವುದು ಎಂಬುದು ನೆಂಟರ ಸಂಕಟ. ನಾನು ಲಾರಿ ಕೊಳ್ಳಲಿಲ್ಲ. ಇದೇ ಯೋಚನೆಯಲ್ಲಿರುವ ಕೆಲವರು ಈಗ ನನ್ನನ್ನು ವಿಚಾರಿಸುವುದರಿಂದ, ಏಕೆ ಕೊಳ್ಳಲಿಲ್ಲ, ಡ್ರೈವರಾಗಿ ಹೇಗೆ ನೆಲೆನಿಂತೆ ಎಂಬುದನ್ನು ಬರೆಯುತ್ತಿದ್ದೇನೆ.

ಸೊರಬದಿಂದ ಭದ್ರಾವತಿಯವರೆಗಿನ ಶಾಖೆಗಳ ವಸೂಲಿ ನನ್ನ ಹೆಸರಿನಲ್ಲಿತ್ತು. ಸಾಲ ಕೊಡುವ ತೀರ್ಮಾನ ಬೆಂಗಳೂರಿನಲ್ಲಿ ಆಗುತ್ತಿತ್ತು. ಕಂತು ಬರುವುದು ಬಿಡುವುದು ಆ ವರ್ಷ ಅಡಿಕೆಗೆ ಕೊಳೆರೋಗ ಎಷ್ಟು ಬಿದ್ದಿತೆಂಬುದರ ಮೇಲೆ ನಿಂತಿತ್ತು. ಸಾಲಗಾರರ ಮನೆ ಬಾಗಿಲಿಗೆ ಹೋಗುವವರು ಬೇರೆ ಹುಡುಗರು. ಇವುಗಳಲ್ಲಿ ಯಾವುದೂ ನನ್ನ ಕೈಯಲ್ಲಿ ಇರಲಿಲ್ಲವಾದರೂ ತಿಂಗಳ ಕೊನೆಯ ಅಂಕಿಗೆ ಉತ್ತರ ಹೇಳಬೇಕಾದವನು ನಾನೇ. ಊಟದ ನಡುವೆ, ದೇವರ ಮನೆಯಲ್ಲಿ, ಹೆಣದ ಮುಂದೆ ನಿಂತಾಗಲೂ ಫೋನ್ ಬರುತ್ತಿತ್ತು. ರಕ್ತದೊತ್ತಡದ ಮಾತ್ರೆ ಶುರುವಾದ ಮೇಲೆ ನನಗೆ ಒಂದು ವಿಷಯ ಸ್ಪಷ್ಟವಾಯಿತು: ನನಗೆ ಭಾರವಾಗಿದ್ದದ್ದು ದುಡಿಮೆಯಲ್ಲ, ಹಿಡಿತವಿಲ್ಲದ ಹೊಣೆ.

ಈ ಲೆಕ್ಕದಲ್ಲಿ ನೋಡಿದರೆ ಸ್ವಂತ ಲಾರಿಯೆಂದರೆ ಅದೇ ಕುರ್ಚಿ, ಕೆಳಗೆ ಹತ್ತು ಚಕ್ರ, ಅಷ್ಟೆ. ಡೀಸೆಲ್ ದರ, ಟೈರು, ಬ್ಯಾಂಕಿನ ಕಂತು, ವಿಮೆ, ತ್ರೈಮಾಸಿಕ ತೆರಿಗೆ, ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ ಮತ್ತು ಅನಂತರ ಪ್ರತಿವರ್ಷ ಮಾಡಿಸಬೇಕಾದ ವಾಹನ ಯೋಗ್ಯತಾ ಪ್ರಮಾಣಪತ್ರ ಅಂದರೆ ಎಫ್‌ಸಿ, ಇವೆಲ್ಲ ಒಂದು ಕಡೆ. ಇನ್ನೊಂದು ಕಡೆ ಬ್ರೋಕರ್ ಹೇಳಿದ ಬಾಡಿಗೆ. ಅದರಲ್ಲಿ ಒಂದು ಪಾಲು ಮುಂಗಡವಾಗಿ ಬಂದರೆ, ಉಳಿದದ್ದು ಸರಕು ಇಳಿಸಿ ಸಹಿ ಹಾಕಿಸಿದ ಚೀಟಿ ತಂದುಕೊಟ್ಟ ಮೇಲೆ ಅವರಿಗೆ ಮನಸ್ಸು ಬಂದಾಗ. ಮಳೆಗಾಲದಲ್ಲಿ ಲೋಡ್ ಸಿಗದೆ ಲಾರಿ ನಿಂತರೂ ಕಂತು ನಿಲ್ಲುವುದಿಲ್ಲ. ಕಂತು ಕಟ್ಟಲಾಗದೆ ಗಾಡಿ ಬಿಟ್ಟುಕೊಟ್ಟವರ ಕಡತಗಳನ್ನು ಹಳೆಯ ಕೆಲಸದಲ್ಲಿ ಸಾಕಷ್ಟು ನೋಡಿದ್ದ ನನಗೆ ಇದರಲ್ಲಿ ಯಾವ ಭ್ರಮೆಯೂ ಇರಲಿಲ್ಲ. ಆದ್ದರಿಂದ ಕೈಯಲ್ಲಿದ್ದ ಹಣದಿಂದ ಮೊದಲು ಮನೆಸಾಲವನ್ನು ತೀರಿಸಿದೆ. ಸಾಲ ತಲೆಯ ಮೇಲಿರುವಾಗ ಸಂಬಳ ಇಳಿಸಿಕೊಳ್ಳುವ ಧೈರ್ಯವನ್ನು ಯಾರೂ ಮಾಡಬಾರದೆಂಬುದು ನನ್ನ ಖಚಿತ ಅಭಿಪ್ರಾಯ.

ಲೈಸೆನ್ಸಿನ ವಿಷಯ ಅಂಥ ಕಷ್ಟದ್ದಲ್ಲ. ಕಾರಿನ ಲೈಸೆನ್ಸ್ ಪಡೆದು ಕನಿಷ್ಠ ಒಂದು ವರ್ಷವಾಗಿದ್ದರೆ ಭಾರಿ ವಾಹನದ ಕಲಿಕಾ ಲೈಸೆನ್ಸಿಗೆ ಅರ್ಜಿ ಹಾಕಬಹುದು. ಮಾನ್ಯತೆಯುಳ್ಳ ಡ್ರೈವಿಂಗ್ ಶಾಲೆಯ ಪ್ರಮಾಣಪತ್ರ ಮತ್ತು ವೈದ್ಯರ ಪ್ರಮಾಣಪತ್ರ ಬೇಕು. ಎಂಟನೆಯ ತರಗತಿ ಪಾಸಾಗಿರಬೇಕೆಂಬ ನಿಯಮ 2019ರಲ್ಲಿ ಹೋಯಿತು. ಒಟ್ಟು ತೂಕ 7,500 ಕಿಲೋ ಮೀರದ ಸರಕು ವಾಹನವನ್ನು ಕಾರಿನ ಲೈಸೆನ್ಸಿನಲ್ಲೇ ಓಡಿಸಬಹುದೆಂದು ಸುಪ್ರೀಂ ಕೋರ್ಟ್ 2024ರ ನವೆಂಬರಿನಲ್ಲಿ ಹೇಳಿರುವುದರಿಂದ, ಕೆಲಸ ಬಿಡುವ ಮೊದಲೇ ರಜೆಯ ದಿನಗಳಲ್ಲಿ ಸಣ್ಣ ಗಾಡಿಯಲ್ಲಿ ಕೈ ಪಳಗಿಸಿಕೊಳ್ಳುವುದು ಈಗ ಸುಲಭ.

ಆದರೆ ಶಾಲೆಯವರು ಕಲಿಸುವುದು ಖಾಲಿ ಲಾರಿಯನ್ನು, ಸಮತಟ್ಟು ರಸ್ತೆಯಲ್ಲಿ. ಮಲೆನಾಡಿನಲ್ಲಿ ಡ್ರೈವರ್ ಎನಿಸಿಕೊಳ್ಳಬೇಕಾದರೆ ಲೋಡ್ ಹೊತ್ತು ಘಾಟಿ ಇಳಿಯಬೇಕು. ಆಗುಂಬೆ ಘಾಟಿಯ ಹದಿನಾಲ್ಕು ತಿರುವುಗಳಲ್ಲಿ ಭಾರಿ ವಾಹನಗಳಿಗೆ ಅವಕಾಶವಿಲ್ಲದ್ದರಿಂದ ನಮ್ಮ ಕಡೆಯ ಲಾರಿಗಳು ತೀರ್ಥಹಳ್ಳಿ, ಮಾಸ್ತಿಕಟ್ಟೆ ಮಾರ್ಗವಾಗಿ ಹುಲಿಕಲ್ ಘಾಟಿಯನ್ನು ಇಳಿದು ಹೊಸಂಗಡಿ, ಸಿದ್ಧಾಪುರದ ಮೇಲೆ ಕುಂದಾಪುರಕ್ಕೆ ಹೋಗುತ್ತವೆ. ಹಳೆಯ ಡ್ರೈವರೊಬ್ಬರ ಜೊತೆ ಎರಡನೆಯ ಡ್ರೈವರಾಗಿ ಹೋಗುತ್ತಿದ್ದಾಗ, ಚಂಡಿಕಾಂಬೆಯ ಗುಡಿಯ ಬಳಿ ಕಾಣಿಕೆ ಹಾಕಿ ಬಂದು ಅವರು ಸ್ಟಿಯರಿಂಗನ್ನು ನನಗೆ ಬಿಟ್ಟುಕೊಟ್ಟರು.

“ಯಾವ ಗೇರಲ್ಲಿ ಹತ್ತಬೇಕೋ ಅದೇ ಗೇರಲ್ಲಿ ಇಳೀಬೇಕು ಮಾರಾಯ್ರೇ. ಬ್ರೇಕಿರೋದು ನಿಲ್ಸೋಕೆ, ಇಳಿಸೋಕಲ್ಲ,” ಎಂದರು.

ಇದಕ್ಕಿಂತ ಚೆನ್ನಾಗಿ ಯಾರೂ ಹೇಳಲಾರರು. ಹೊರೆ ಹೊತ್ತ ಗಾಡಿಯನ್ನು ಬ್ರೇಕಿನ ಮೇಲೆಯೇ ಇಳಿಸಿದರೆ ಚಕ್ರದೊಳಗಿನ ಬ್ರೇಕ್ ಡ್ರಮ್ ಕಾದು, ಅದನ್ನು ಒತ್ತಿ ಹಿಡಿಯುವ ಲೈನರಿನ ಹಿಡಿತ ಕಡಿಮೆಯಾಗುತ್ತದೆ. ಮೇಲಿಂದ ಮೇಲೆ ತುಳಿದರೆ ಬ್ರೇಕನ್ನು ಒತ್ತುವ ಟ್ಯಾಂಕಿನ ಗಾಳಿಯೂ ಇಳಿಯುತ್ತದೆ. ಸುಟ್ಟ ರಬ್ಬರಿನಂಥ ವಾಸನೆ ಬರುವ ಹೊತ್ತಿಗೆ ತಡವಾಗಿರುತ್ತದೆ. ಎರಡನೆಯ ಇಲ್ಲವೇ ಮೂರನೆಯ ಗೇರಿನಲ್ಲಿ, ಎಕ್ಸಾಸ್ಟ್ ಬ್ರೇಕ್ (ಹೊಗೆಯ ದಾರಿ ತಡೆದು ಇಂಜಿನ್ನಿನಿಂದಲೇ ವೇಗ ತಗ್ಗಿಸುವ ಬ್ರೇಕ್) ಹಾಕಿಕೊಂಡು, ಇಂಜಿನ್ ಹಿಡಿದೆಳೆಯುವ ಸದ್ದನ್ನು ಕೇಳಿಸಿಕೊಳ್ಳುತ್ತಾ ಇಳಿದರೆ ಬ್ರೇಕಿನ ಕೆಲಸ ತಿರುವಿನ ಬಾಯಿಯಲ್ಲಿ ಮಾತ್ರ. ಡೀಸೆಲ್ ಉಳಿಸಲು ನ್ಯೂಟ್ರಲ್‌ಗೆ ಹಾಕುವವರು ಇಂದಿಗೂ ಇದ್ದಾರೆ. ಈಗಿನ ಇಂಜಿನ್‌ಗಳಲ್ಲಿ ಗೇರಿನಲ್ಲಿದ್ದು ಎಕ್ಸಲರೇಟರಿನಿಂದ ಕಾಲು ತೆಗೆದರೆ ಡೀಸೆಲ್ ಹೋಗುವುದೇ ನಿಲ್ಲುವುದರಿಂದ, ಆ ಉಳಿತಾಯವೂ ಸುಳ್ಳು. ಎದುರಿನಿಂದ ಹತ್ತಿ ಬರುವ ಗಾಡಿಗೆ ದಾರಿ ಬಿಡುವುದು ಕಾನೂನು. ನಿಂತರೆ ಮತ್ತೆ ಹೊರಡುವುದು ಅದಕ್ಕೇ ಕಷ್ಟ. ಇದನ್ನು ಪ್ರವಾಸಿಗರ ಕಾರುಗಳಿಗೆ ತಿಳಿಸುವುದು ಮಾತ್ರ ನನ್ನಿಂದಾಗಿಲ್ಲ.

ನಾನು ಓಡಿಸುವುದು ಮೂರು ಆಕ್ಸಲಿನ ಲಾರಿ. 2018ರ ನಿಯಮದಂತೆ ಹೊರೆ ಸೇರಿ 28.5 ಟನ್‌ವರೆಗೆ ಇರಬಹುದು. ಇಳಿಯುವಾಗ ಮೆಕ್ಕೆಜೋಳವೋ ಅಡಿಕೆಯೋ, ಮಂಗಳೂರಿನ ಬಂದರಿರುವ ಪಣಂಬೂರಿನಿಂದ ಹತ್ತುವಾಗ ಹೆಚ್ಚಾಗಿ ಗೊಬ್ಬರ. ಅಡಿಕೆಯ ಲೋಡಿನಲ್ಲಿ ಮೈಯೆಲ್ಲ ಕಣ್ಣಾಗಿರಬೇಕು. ರಾಶಿ, ಬೆಟ್ಟೆ, ಯಾವ ಬಗೆಯ ಅಡಿಕೆಯೇ ಆಗಲಿ, ಒಂದು ಚೀಲಕ್ಕೆ ನೀರು ತಗಲಿ ಬೂಷ್ಟು ಹಿಡಿದರೆ ಇಳಿಸುವವರು ಇಡೀ ಲೋಡನ್ನೇ ಅನುಮಾನಿಸುತ್ತಾರೆ. ಆದ್ದರಿಂದ ಹಮಾಲರು ಕೊನೆಯ ಸಾಲನ್ನು ನಡುವೆ ಎತ್ತರಿಸಿ ಪೇರಿಸುವವರೆಗೆ ನಾನು ಮೇಲೆಯೇ ನಿಂತಿರುತ್ತೇನೆ. ಮಟ್ಟವಾಗಿ ಪೇರಿಸಿದರೆ ಟಾರ್ಪಾಲಿನ ಮೇಲೆ ನೀರು ಮಡುಗಟ್ಟಿ ಹೊಲಿಗೆಯಲ್ಲಿ ಇಳಿಯುತ್ತದೆ. ಒಳಗೊಂದು ಪ್ಲಾಸ್ಟಿಕ್ ಹಾಳೆ, ಮೇಲೆ ಟಾರ್ಪಾಲುಗಳು. ಮುಂದಿನ ಟಾರ್ಪಾಲಿನ ಅಂಚು ಹಿಂದಿನದರ ಮೇಲೆ ಬರಬೇಕು, ತಿರುಗುಮುರುಗಾದರೆ ಓಡುವಾಗ ಗಾಳಿಯೇ ಮಳೆಯನ್ನು ಒಳಗೆ ನೂಕುತ್ತದೆ. ನೆನೆದ ಹಗ್ಗ ಒಣಗಿದಾಗ ಸಡಿಲಾಗುವುದರಿಂದ ಘಾಟಿ ಇಳಿದ ಮೇಲೆ ಇನ್ನೊಮ್ಮೆ ಎಳೆದು ಕಟ್ಟುತ್ತೇನೆ.

ಹಳೆಯ ಉದ್ಯೋಗ ಪೂರ್ತಿ ವ್ಯರ್ಥವಾಗಲಿಲ್ಲ. ಬಿಲ್ಟಿ (ಸರಕಿನ ರಸೀದಿ), ಇ-ವೇ ಬಿಲ್ (ಸರಕು ಸಾಗಿಸಲು ಜಿಎಸ್‌ಟಿಯಡಿ ಬೇಕಾದ ಆನ್‌ಲೈನ್ ಚೀಟಿ), ತೂಕದ ಚೀಟಿ ಇವುಗಳನ್ನು ಹೊರಡುವ ಮೊದಲೇ ಓದುವ ಅಭ್ಯಾಸ ಅಲ್ಲಿಂದ ಬಂದದ್ದು. ಇ-ವೇ ಬಿಲ್ ಇನ್ನೂರು ಕಿಲೋಮೀಟರಿಗೆ ಒಂದು ದಿನದಂತೆ ಮಾತ್ರ ಊರ್ಜಿತ. ಮಳೆಗೆ ಗುಡ್ಡ ಕುಸಿದು ಹುಲಿಕಲ್ ಬಂದ್ ಆಗಿ ಶಿರಾಡಿ ಘಾಟಿಯ ಮೇಲೆ ಸುತ್ತಬೇಕಾದಾಗ ಅವಧಿಯನ್ನು ವಿಸ್ತರಿಸುವಂತೆ ಸರಕಿನವರಿಗೆ ಫೋನ್ ಮಾಡುವುದನ್ನು ಮರೆಯಬಾರದು. ಗೋದಾಮಿನ ಮುಂದೆ ಸರದಿಯಲ್ಲಿ ಕಾಯುವುದೇ ಈ ಕೆಲಸದ ಅರ್ಧಭಾಗ. ಮೊದಮೊದಲು ನಾನು ಚಡಪಡಿಸುತ್ತಿದ್ದೆ. ಈಗ ಕ್ಯಾಬಿನ್ನಿನಲ್ಲಿ ಮಲಗುತ್ತೇನೆ, ಏಕೆಂದರೆ ಆ ನಿದ್ದೆಯೇ ರಾತ್ರಿಯ ಘಾಟಿಗೆ ಬಂಡವಾಳ.

ಸುಖದ ಬದುಕೆಂದು ಮಾತ್ರ ಯಾರೂ ತಿಳಿಯಬಾರದು. ಸೊಂಟ ನೋಯುತ್ತದೆ, ಊಟ ಹೊತ್ತಿಗಾಗುವುದಿಲ್ಲ, ಕೈಗೆ ಬರುವ ಸಂಬಳ ಮತ್ತು ಬತ್ತಾ ಸೇರಿದರೂ ಹಿಂದಿನ ಆದಾಯಕ್ಕೆ ಸಮನಲ್ಲ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ, 2025ರ ನವೆಂಬರಿನಲ್ಲಿ ಹೊಸ ಕಾರ್ಮಿಕ ಸಂಹಿತೆ ಅದರ ಜಾಗಕ್ಕೆ ಬರುವವರೆಗೆ, ದಿನಕ್ಕೆ ಎಂಟು, ವಾರಕ್ಕೆ ನಲವತ್ತೆಂಟು ಗಂಟೆ ಎನ್ನುತ್ತಿತ್ತು. ರಸ್ತೆಯಲ್ಲಿ ಆ ಕಾಯ್ದೆಯನ್ನು ಕಂಡವರು ಕಡಿಮೆ. 2025ರ ಅಕ್ಟೋಬರಿನಿಂದ ತಯಾರಾಗುವ ಲಾರಿಗಳ ಕ್ಯಾಬಿನ್ನಿಗೆ ಎಸಿ ಕಡ್ಡಾಯವಾಗಿದೆ, ಆದರೆ ನನ್ನದು ಹಳೆಯ ಗಾಡಿ. ಕರಾವಳಿಯ ಏಪ್ರಿಲ್ ತಿಂಗಳು ಹೇಗಿರುತ್ತದೆಂದು ಹೇಳಬೇಕಾಗಿಲ್ಲ. ಇಷ್ಟಾದರೂ ಸರಕು ಇಳಿಸಿ ಚೀಟಿಗೆ ಸಹಿ ಬಿದ್ದ ಕೂಡಲೇ ಆ ಕೆಲಸ ಮುಗಿಯುತ್ತದೆ. ಮನೆಗೆ ಬಂದ ಮೇಲೆ ಅದರ ಬಗ್ಗೆ ಯಾರೂ ಫೋನ್ ಮಾಡುವುದಿಲ್ಲ. ಮಾತ್ರೆ ನಿಂತಿಲ್ಲ, ಆದರೆ ಡೋಸ್ ಕಡಿಮೆಯಾಗಿದೆ.

ಹೊಸಬರು ಮಾಲೀಕನನ್ನು ಆರಿಸಿಕೊಳ್ಳುವುದರಲ್ಲಿ ಅವಸರಪಡಬಾರದು. ಸಂಬಳ ಕೇಳುವ ಮೊದಲು ಟೈರುಗಳನ್ನು ನೋಡಬೇಕು, ವಿಮೆ ಮತ್ತು ಎಫ್‌ಸಿ ಚಾಲ್ತಿಯಲ್ಲಿವೆಯೇ ಎಂದು ಕಾಗದ ತೆಗೆಸಿ ಓದಬೇಕು, ಅವರ ಬಳಿ ಹಿಂದೆ ಇದ್ದ ಡ್ರೈವರ್ ಏಕೆ ಬಿಟ್ಟನೆಂದು ಅವನನ್ನೇ ಕೇಳಬೇಕು. ಓವರ್‌ಲೋಡಿಗೆ ಇಪ್ಪತ್ತು ಸಾವಿರ ರೂಪಾಯಿ, ಅದರ ಮೇಲೆ ಹೆಚ್ಚುವರಿ ಟನ್ನಿಗೆ ಎರಡು ಸಾವಿರದಂತೆ ದಂಡವಿದೆ. ಅದನ್ನು ಯಾರು ಕಟ್ಟುತ್ತಾರೆ ಎಂಬುದನ್ನು ಮೊದಲೇ ಇತ್ಯರ್ಥ ಮಾಡಿಕೊಳ್ಳಬೇಕು. ‘ಅದೆಲ್ಲ ಆಮೇಲೆ ನೋಡೋಣ’ ಎನ್ನುವವರ ಗಾಡಿಯನ್ನು ನಾನು ಹತ್ತಿಲ್ಲ.