ಕಾರವಾರಕ್ಕೆ ಹೊಸದಾಗಿ ಬಂದಿದ್ದೀರಾ? ಮೊದಲು ನೀರಿನ ವಿಷಯ

ಕಾಳಿ ಸೇತುವೆ ಮೇಲೆ ನಿಂತು ನೋಡಿದವರಿಗೆ, ಇಷ್ಟು ದೊಡ್ಡ ನದಿ ಇರುವ ಊರಲ್ಲಿ ನೀರಿನ ಚಿಂತೆ ಏಕೆ ಅನ್ನಿಸುತ್ತದೆ. ಆದರೆ ಅಲ್ಲಿ ಕಾಣುವ ನೀರು ಕುಡಿಯಲು ಬರುವುದಿಲ್ಲ. ದಿನಕ್ಕೆ ಎರಡು ಸಲ ಉಬ್ಬರ ಬಂದಾಗ ಸಮುದ್ರದ ನೀರು ನದಿಯೊಳಗೆ ಏರುತ್ತದೆ. ನಗರದ ನಲ್ಲಿಗೆ ಬರುವುದು ಅಂಕೋಲಾ ತಾಲೂಕಿನ ಗಂಗಾವಳಿ ನೀರು. ಹುಬ್ಬಳ್ಳಿ-ಧಾರವಾಡದ ಕಡೆ ಹುಟ್ಟಿ, ಯಲ್ಲಾಪುರದ ಮಾಗೋಡಿನಲ್ಲಿ ಧುಮುಕಿ ಬರುವ ಬೇಡ್ತಿಯೇ ಕೆಳಗೆ ಗಂಗಾವಳಿ. ಆ ಕಡೆಯಿಂದ ವರ್ಗವಾಗಿ ಬಂದವರಿಗೆ ಇದು ತವರಿನ ನೀರು ಅಂತಲೇ ಹೇಳಬೇಕು.

ಬಯಲುಸೀಮೆಯಿಂದ ಬಂದವರು ಗಡಸು ನೀರಿಗೆ ಒಗ್ಗಿದವರು. ಪಾತ್ರೆ ತಳದಲ್ಲಿ ಬಿಳಿ ಪದರ, ಬೇಯದ ತೊಗರಿಬೇಳೆ, ನೊರೆ ಬಾರದ ಸೋಪು. ಇಲ್ಲಿ ನೆಲ ಚಿರೆಕಲ್ಲಿನದು, ಅಂದರೆ ಕೆಂಪು ಜಂಬಿಟ್ಟಿಗೆಯದು, ಸುಣ್ಣದ ಅಂಶ ಕಡಿಮೆ. ವರ್ಷಕ್ಕೆ 3000 ಮಿ.ಮೀ.ಗಿಂತ ಜಾಸ್ತಿ ಮಳೆ. ಹಾಗಾಗಿ ನೀರು ಮೆದು. ನಾವು ವಿಜಯಪುರದಿಂದ ಬಂದಾಗ ಅಲ್ಲಿನ ಅಳತೆಯಲ್ಲೇ ಸೋಪಿನ ಪುಡಿ ಹಾಕುತ್ತಿದ್ದೆವು. ಮಗಳ ಕುತ್ತಿಗೆ ಸುತ್ತ ತುರಿಕೆ ಶುರುವಾಯಿತು. ಊರಿನ ನೀರು ಹಿಡಿಸಲಿಲ್ಲ ಅಂದುಕೊಂಡೆವು. ಕೊನೆಗೆ ಒಗೆದು ಒಣಗಿಸಿದ ಯೂನಿಫಾರ್ಮನ್ನೇ ಬಕೆಟ್ಟಿನಲ್ಲಿ ಅದ್ದಿ ಹಿಂಡಿ ನೋಡಿದರೆ, ನೀರೆಲ್ಲ ನೊರೆ! ಕಾಲರಿನಲ್ಲಿ ಸೋಪು ಹಾಗೇ ಉಳಿದಿತ್ತು. ಪುಡಿ ಅರ್ಧ ಮಾಡಿದೆವು, ಇನ್ನೊಂದು ಸಲ ಜಾಲಿಸಿದೆವು. ತುರಿಕೆ ನಿಂತಿತು. ನೀವೂ ಅರ್ಧದಿಂದಲೇ ಶುರು ಮಾಡಿ.

ನಿಜವಾದ ತೊಂದರೆ ಇರುವುದು ಬಾವಿ, ಬೋರ್‌ವೆಲ್ಲುಗಳಲ್ಲಿ. ಬಾಡಿಗೆ ಮನೆ ನೋಡುವಾಗ ಬಾವಿಯ ನೀರನ್ನು ಬಾಯಿಗೆ ಹಾಕಿ ನೋಡಿ ಸಮಾಧಾನಪಡಬೇಡಿ. ನವೆಂಬರಿನಲ್ಲಿ ಎಲ್ಲ ಬಾವಿಯೂ ಸಿಹಿಯೇ. ಏಪ್ರಿಲ್-ಮೇ ತಿಂಗಳಲ್ಲಿ ಹೇಗಿರುತ್ತದೆ ಅಂತ ಅಕ್ಕಪಕ್ಕದ ಮನೆಯವರನ್ನು ಕೇಳಿ. ಕೊಂಕಣಿಯಲ್ಲಿ ಬಾವಿಗೆ 'ಬಾಂಯ್' ಅನ್ನುತ್ತಾರೆ. ಅಷ್ಟು ಗೊತ್ತಿದ್ದರೂ ಮಾತು ಶುರುವಾಗುತ್ತದೆ. ಕೋಡಿಬಾಗ, ಸುಂಕೇರಿಯಂಥ ನದಿ ದಂಡೆಯ ಕಡೆ ಮತ್ತು ಕಡಲ ಹತ್ತಿರ ಇದನ್ನು ಕೇಳಲೇಬೇಕು.

ಕಾರಣ ಇಷ್ಟೇ. ದಂಡೆಯ ನೆಲದಡಿ ಸಿಹಿನೀರು ಉಪ್ಪುನೀರಿನ ಮೇಲೆ ತೇಲುತ್ತಿರುತ್ತದೆ. ಸಮುದ್ರ ಮಟ್ಟಕ್ಕಿಂತ 1 ಅಡಿ ಮೇಲೆ ಸಿಹಿನೀರು ನಿಂತಿದ್ದರೆ, ಕೆಳಗೆ ಸುಮಾರು 40 ಅಡಿಯವರೆಗೆ ಉಪ್ಪುನೀರನ್ನು ತಡೆದಿರುತ್ತದೆ. ಪಂಪು ಹಾಕಿ ಒಂದೇ ಸಮ ಎಳೆದರೆ ಆ ಒಂದು ಅಡಿ ಇಳಿಯುತ್ತದೆ, ಕೆಳಗಿನ ಉಪ್ಪು ಮೇಲೇರುತ್ತದೆ. ಒಮ್ಮೆ ಏರಿತೆಂದರೆ ಒಳ್ಳೆ ಮಳೆ ಬೀಳುವವರೆಗೆ ಕಾಯಬೇಕು. ಆದ್ದರಿಂದ ಬೇಸಿಗೆಯಲ್ಲಿ ಟ್ಯಾಂಕನ್ನು ಒಂದೇ ಏಟಿಗೆ ತುಂಬಿಸಬೇಡಿ. ಸ್ವಲ್ಪ ಸ್ವಲ್ಪ, ಬಿಟ್ಟು ಬಿಟ್ಟು ಎತ್ತಿ. ಪಕ್ಕದ ಮನೆಯ ಬಾವಿಯೂ ಅದೇ ನೀರಿನ ಮೇಲೆ ನಿಂತಿದೆ, ಅಲ್ವಾ?

ಉಪ್ಪುನೀರು ಕುದಿಸಿದರೆ ಸರಿಹೋಗುವುದಿಲ್ಲ. ನೀರು ಆವಿಯಾಗಿ ಉಪ್ಪು ಇನ್ನೂ ಗಟ್ಟಿಯಾಗುತ್ತದೆ. ಗೀಸರಿನ ಟ್ಯಾಂಕಿಗೆ ತುಕ್ಕು ಹಿಡಿಯದಂತೆ ಕಾಯುವ ಆ್ಯನೋಡ್ ರಾಡ್ ಬೇಗ ಕರಗುತ್ತದೆ, ನಲ್ಲಿಗಳು ತುಕ್ಕು ಹಿಡಿಯುತ್ತವೆ. ನಮ್ಮ ಕಟ್ಟಡದಲ್ಲಿ ಅಂಗಡಿಯವರೊಬ್ಬರ ಮಾತು ಕೇಳಿ ಸಾಫ್ಟ್‌ನರ್ ಹಾಕಿಸಿ ದುಡ್ಡು ಕಳೆದುಕೊಂಡೆವು. ಅದು ಗಡಸು ನೀರಿಗೆ ಮದ್ದು. ಕ್ಯಾಲ್ಸಿಯಂ ತೆಗೆದು ಸೋಡಿಯಂ ಕೊಡುತ್ತದೆ, ಉಪ್ಪು ಹಾಗೇ ಇರುತ್ತದೆ.

ಇನ್ನು ಕಬ್ಬಿಣ. ಕೆಲವು ಬೋರಿನ ನೀರು ಎತ್ತಿದಾಗ ತಿಳಿಯಾಗಿದ್ದು, ಬಕೆಟ್ಟಿನಲ್ಲಿ ರಾತ್ರಿಯಿಡೀ ಇಟ್ಟರೆ ಬೆಳಿಗ್ಗೆ ಕೆಂಪಗಾಗಿರುತ್ತದೆ. ಹಾಲು ಹಾಕದ ಚಹಾ ಡಿಕಾಕ್ಷನ್ನನ್ನು ಒಂದು ಲೋಟ ನೀರಿಗೆ ಬೆರೆಸಿ ನೋಡಿ. ಮಸಿಯಂತೆ ಕಪ್ಪಾದರೆ ಕಬ್ಬಿಣ ಜಾಸ್ತಿ ಇದೆ ಅಂತ. ಅಂಥ ನೀರಲ್ಲಿ ಹಳದಿಯಾದ ಬಿಳಿ ಬಟ್ಟೆಗೆ ಬ್ಲೀಚ್ ಮುಟ್ಟಿಸಬೇಡಿ, ಕಲೆ ಇನ್ನೂ ಗಟ್ಟಿಯಾಗಿ ಕೂರುತ್ತದೆ. ನಿಂಬೆರಸ, ಉಪ್ಪು ಹಚ್ಚಿ ಬಿಸಿಲಿಗೆ ಇಡಿ. ನೀರನ್ನು ಮೇಲಿಂದ ಸುರಿದು ಗಾಳಿಯಾಡಿಸಿ, ಒಂದು ರಾತ್ರಿ ಬಿಟ್ಟು ಮೇಲಿನ ತಿಳಿ ಬಳಸಿದರೆ ಎಷ್ಟೋ ವಾಸಿ.

ಆರ್‌ಒ ಯಂತ್ರ ಕೊಳ್ಳುವ ಮೊದಲು ನೀರು ಪರೀಕ್ಷೆ ಮಾಡಿಸಿ. ಟಿಡಿಎಸ್, ಅಂದರೆ ನೀರಿನಲ್ಲಿ ಕರಗಿದ ಲವಣಗಳ ಒಟ್ಟು ಪ್ರಮಾಣ, ಲೀಟರಿಗೆ 500 ಮಿಲಿಗ್ರಾಂ ಒಳಗಿದ್ದರೆ ಆರ್‌ಒ ಬೇಕಾಗುವುದಿಲ್ಲ, ಸುಮ್ನೆ ಬಕೆಟ್ಟುಗಟ್ಟಲೆ ನೀರು ಚರಂಡಿಗೆ ಹೋಗುತ್ತದೆ. ನಲ್ಲಿ ನೀರನ್ನು ಸೋಸಿ ಕುದಿಸಿ ಕುಡಿಯಿರಿ. ಅದೇ ಲೆಕ್ಕದಲ್ಲಿ, ಉಪ್ಪಿನ ಅಂಶ ತೋರಿಸುವ ಕ್ಲೋರೈಡ್ 250ರ ಒಳಗೆ, ಗಡಸುತನ 200ರ ಒಳಗೆ ಇದ್ದರೆ ಒಳ್ಳೆಯದು. ಟಿಡಿಎಸ್ ಮೀಟರು ರೋಗಾಣುಗಳನ್ನು ತೋರಿಸುವುದಿಲ್ಲ, ನೆನಪಿರಲಿ.

ಮಳೆಗಾಲದಲ್ಲಿ ಉಪ್ಪು ಹೋಗುತ್ತದೆ, ಕೊಳೆ ಬರುತ್ತದೆ. ಜೂನಿನ ಮೊದಲ ಮಳೆಗಳ ನಂತರ ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿ. 1000 ಲೀಟರಿಗೆ 2.5 ಗ್ರಾಂ ಲೆಕ್ಕ. 2 ಮೀಟರ್ ಅಗಲದ ಬಾವಿಯಲ್ಲಿ 3 ಮೀಟರ್ ನೀರಿದ್ದರೆ ಸುಮಾರು 9400 ಲೀಟರ್, ಅಂದರೆ 24 ಗ್ರಾಂ ಸಾಕು. ಬಕೆಟ್ಟಿನಲ್ಲಿ ಕದಡಿ, ಸುಣ್ಣ ತಳಕ್ಕಿಳಿದ ಮೇಲೆ ತಿಳಿಯನ್ನು ಮಾತ್ರ ಕೊಡದಲ್ಲಿ ಇಳಿಸಿ ಕಲಕಿ. ಒಂದು ಗಂಟೆಯಾದರೂ ಬಿಡಬೇಕು. ರಾತ್ರಿ ಹಾಕಿ, ಬೆಳಿಗ್ಗೆ ಸೇದಿ. ಹೊಸ ಪುಡಿಯನ್ನೇ ತನ್ನಿ, ಮಳೆಗಾಲದ ತೇವಕ್ಕೆ ಹಳೆಯದು ಸತ್ವ ಕಳೆದುಕೊಂಡಿರುತ್ತದೆ.