ಕಾರಿನ ಧ್ವನಿ ಸಹಾಯಕ: ಹೊರಡುವ ಮುನ್ನ ಮಾಡಿಕೊಳ್ಳಬೇಕಾದ ಸಿದ್ಧತೆ

ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಓಡುವ ಕಾರು ಒಂದು ಸೆಕೆಂಡಿನಲ್ಲಿ ಸುಮಾರು 22 ಮೀಟರ್ ಸಾಗುತ್ತದೆ. ಫೋನಿನಲ್ಲಿ ಒಂದು ಹೆಸರು ಹುಡುಕಲು ಮೂರು ಸೆಕೆಂಡು ತಲೆ ತಗ್ಗಿಸಿದರೆ 60 ಮೀಟರಿಗೂ ಹೆಚ್ಚು ರಸ್ತೆಯನ್ನು ಕಣ್ಣು ಮುಚ್ಚಿಕೊಂಡು ದಾಟಿದಂತೆಯೇ ಆಯಿತು. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 184ನೇ ಕಲಮು ವಾಹನ ಓಡಿಸುತ್ತ ಫೋನನ್ನು ಕೈಯಲ್ಲಿ ಹಿಡಿದು ಬಳಸುವುದನ್ನು ಅಪಾಯಕಾರಿ ಚಾಲನೆಯೆಂದೇ ಪರಿಗಣಿಸುತ್ತದೆ. ದಾರಿ ತಿಳಿಯುವ ಸಲುವಾಗಿ ಮಾತ್ರ, ಅದೂ ಚಾಲಕರ ಗಮನ ಕೆಡದ ರೀತಿಯಲ್ಲಿ, ಅದನ್ನು ಬಳಸಬಹುದೆಂದು 2020ರಲ್ಲಿ ಬದಲಾದ ನಿಯಮ ಹೇಳುತ್ತದೆ. ಬಾಯಿಮಾತಿನಲ್ಲೇ ಕೆಲಸ ಮಾಡಿಸಿಕೊಳ್ಳುವ ಧ್ವನಿ ಸಹಾಯಕ ನಮಗೆ ಬೇಕಾಗುವುದು ಇದಕ್ಕಾಗಿ. ಆದರೆ ಅದು ದಾರಿಯಲ್ಲಿ ನೆಚ್ಚಿಕೆಯಿಂದ ನಡೆಯಬೇಕಾದರೆ ಅದರ ಸಿದ್ಧತೆಯೆಲ್ಲ ಕಾರು ಮನೆಯ ಮುಂದೆ ನಿಂತಿರುವಾಗಲೇ ಮುಗಿದಿರಬೇಕು. ಆಂಡ್ರಾಯ್ಡ್ ಫೋನನ್ನು ಆಂಡ್ರಾಯ್ಡ್ ಆಟೋ ಎಂಬ ಗೂಗಲ್ ಸೌಲಭ್ಯದ ಮೂಲಕ ಕಾರಿನ ಪರದೆಗೆ ಜೋಡಿಸಿಕೊಂಡವರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ.

ಫೋನನ್ನು ತಂತಿಯಿಂದ ಜೋಡಿಸುವುದಾದರೆ ಚಾರ್ಜ್ ಮಾತ್ರ ಆಗುವ ಕೇಬಲ್ ಸಾಲದು, ಡೇಟಾ ಸಾಗಿಸುವ ಒಳ್ಳೆಯ ಕೇಬಲ್ಲೇ ಬೇಕು. ಸಂಪರ್ಕ ಪಟ್ಟಿ, ಮೈಕ್, ಸ್ಥಳ ಮತ್ತು ಅಧಿಸೂಚನೆಗಳಿಗೆ ಫೋನ್ ಅನುಮತಿ ಕೇಳಿದಾಗ ಅವಸರದಲ್ಲಿ ನಿರಾಕರಿಸಿದರೆ ಮುಂದೆ ಕರೆ ಮಾಡುವಾಗಲೋ ದಾರಿ ಕೇಳುವಾಗಲೋ ಅಡ್ಡಿಯಾಗುತ್ತದೆ. ಸ್ಟೀರಿಂಗ್ ಮೇಲೆ ಮಾತಿನ ಗುರುತಿರುವ ಗುಂಡಿಯನ್ನು ಒತ್ತಿ ಹಿಡಿದರೆ ಫೋನಿನ ಸಹಾಯಕ ಎಚ್ಚರಗೊಳ್ಳುತ್ತದೆ. ಹಲವು ಕಾರುಗಳಲ್ಲಿ ಒಮ್ಮೆ ಒತ್ತಿ ಬಿಟ್ಟರೆ ಕಾರಿನದೇ ಬೇರೊಂದು ಧ್ವನಿ ವ್ಯವಸ್ಥೆ ತೆರೆದುಕೊಳ್ಳುತ್ತದೆ. ಈ ವ್ಯತ್ಯಾಸ ತಿಳಿಯದೆ ಎಷ್ಟೋ ಮಂದಿ ಸಹಾಯಕವೇ ಸರಿಯಿಲ್ಲವೆಂದು ಕೈಬಿಟ್ಟಿದ್ದಾರೆ. ‘ಹೇ ಗೂಗಲ್’ ಎಂದು ಕರೆಯುವುದಕ್ಕಿಂತ ಗುಂಡಿಯನ್ನು ಒತ್ತುವುದೇ ಮೇಲು ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಪಕ್ಕದಲ್ಲಿ ಕುಳಿತವರು ಮಾತನಾಡುತ್ತಿದ್ದರೂ ಸಹಾಯಕ ತಪ್ಪದೆ ಕೇಳಿಸಿಕೊಳ್ಳಲು ಸಿದ್ಧವಾಗುತ್ತದೆ.

ಭಾಷೆಯ ವಿಷಯದಲ್ಲಿ ಸ್ವಲ್ಪ ತಾಳ್ಮೆ ಬೇಕು. ದಾರಿ ಹೇಳುವ ಧ್ವನಿಯನ್ನು ಗೂಗಲ್ ಮ್ಯಾಪ್ಸ್‌ನ ಸೆಟ್ಟಿಂಗ್ಸ್‌ನಲ್ಲಿ ಕನ್ನಡಕ್ಕೆ ಬದಲಿಸಿಕೊಳ್ಳಬಹುದು. ಇಂಗ್ಲಿಷ್ ಅಷ್ಟಾಗಿ ಬಾರದ ಹಿರಿಯರು ಕಾರು ಓಡಿಸುವ ಮನೆಗಳಲ್ಲಿ ಇದೊಂದನ್ನು ಮಾಡಿಕೊಟ್ಟರೂ ದೊಡ್ಡ ಉಪಕಾರವಾಗುತ್ತದೆ. ನಾವು ಆಡುವ ಕನ್ನಡ ಆಜ್ಞೆಗಳಿಗೆ ಕಾರಿನಲ್ಲಿ ಉತ್ತರ ಬರುತ್ತದೆಯೇ ಎಂದು ನಿಂತಲ್ಲೇ ಪರೀಕ್ಷಿಸಿ ನೋಡಿ. ಬಾರದಿದ್ದರೆ ಸಹಾಯಕದ ಭಾಷೆಯಾಗಿ ಭಾರತದ ಇಂಗ್ಲಿಷನ್ನು ಆರಿಸಿಕೊಳ್ಳಿ. ನಮ್ಮ ಜನರ ಮತ್ತು ಊರುಗಳ ಹೆಸರುಗಳನ್ನು ಅದು ಅಮೆರಿಕದ ಇಂಗ್ಲಿಷಿಗಿಂತ ಚೆನ್ನಾಗಿ ಗುರುತಿಸುತ್ತದೆ.

ಇನ್ನು ಸಂಪರ್ಕ ಪಟ್ಟಿ. ನಿಜವಾದ ಕೆಲಸವಿರುವುದು ಇಲ್ಲಿ. ನನ್ನ ಫೋನಿನಲ್ಲಿ ನಾಲ್ವರು ಮಂಜುನಾಥರಿದ್ದರು. ಒಂದು ಬೆಳಗಿನ ಜಾವ ಗ್ಯಾರೇಜಿನ ಮಂಜುನಾಥನಿಗೆ ಕರೆ ಮಾಡಲು ಹೇಳಿದರೆ, ಹತ್ತು ವರ್ಷಗಳಿಂದ ಮಾತೇ ಆಡಿರದ ಹಳೆಯ ಸಹೋದ್ಯೋಗಿಯೊಬ್ಬರನ್ನು ನಿದ್ದೆಯಿಂದ ಎಬ್ಬಿಸಿದ್ದಾಯಿತು. ತಪ್ಪು ನನ್ನದೇ; ಹೆಸರುಗಳನ್ನು ಬೇರ್ಪಡಿಸಿ ಇಟ್ಟಿರಲಿಲ್ಲ. ಅಂದಿನಿಂದ ‘ಮಂಜುನಾಥ್ ಗ್ಯಾರೇಜ್’, ‘ಮಂಜುನಾಥ್ ಹಾಸನ’ ಎಂದು ಎರಡು ಪದಗಳ ಹೆಸರುಗಳನ್ನಿಟ್ಟಿದ್ದೇನೆ. ‘ಎಂ.ಎನ್. ಬಿಲ್ಡಿಂಗ್ 2’ ಎಂಬಂಥ ಗುರುತುಗಳನ್ನೂ ಹೆಸರಿನ ಮುಂದೆ ಇಟ್ಟ ಚಿಕ್ಕ ಚಿತ್ರಗಳನ್ನೂ ತೆಗೆದುಬಿಡಿ. ನೀವು ಬಾಯಲ್ಲಿ ಹೇಗೆ ಕರೆಯುತ್ತೀರೋ ಹಾಗೆಯೇ ಹೆಸರು ಉಳಿಸಿದ್ದರೆ ಸಹಾಯಕಕ್ಕೂ ಅದು ಸುಲಭ. ಒಬ್ಬರಿಗೆ ಎರಡು ಸಂಖ್ಯೆಗಳಿದ್ದಲ್ಲಿ ಒಂದನ್ನು ಮುಖ್ಯ ಸಂಖ್ಯೆಯೆಂದು ಗುರುತಿಸಿದರೆ, ‘ಯಾವುದಕ್ಕೆ?’ ಎಂಬ ಮರುಪ್ರಶ್ನೆ ತಪ್ಪುತ್ತದೆ.

ಊರುಗಳದ್ದೂ ಇದೇ ಕಥೆ. 2014ರ ನವೆಂಬರ್ 1ರಂದು ಮೈಸೂರು, ಶಿವಮೊಗ್ಗ, ಕಲಬುರಗಿ ಮುಂತಾದ ನಗರಗಳಿಗೆ ಕನ್ನಡದ ಹೆಸರುಗಳೇ ಅಧಿಕೃತವಾದವು, ಆದ್ದರಿಂದ ಅವುಗಳನ್ನು ನಮ್ಮ ಉಚ್ಚಾರಣೆಯಲ್ಲೇ ಧೈರ್ಯವಾಗಿ ಹೇಳಬಹುದು. ಕಷ್ಟವಿರುವುದು ಹಳ್ಳಿಗಳಲ್ಲಿ. ಹೊಸಹಳ್ಳಿ, ರಾಂಪುರ ಎಂಬ ಊರುಗಳು ಹಲವು ಜಿಲ್ಲೆಗಳಲ್ಲಿವೆ. ಹೆಸರಿನ ಜೊತೆಗೆ ತಾಲೂಕನ್ನೂ ಹೇಳಿ, ಪರದೆಯಲ್ಲಿ ಮೂಡಿದ ದೂರ ನಿಮ್ಮ ಅಂದಾಜಿಗೆ ಹೊಂದುತ್ತದೆಯೇ ಎಂದು ಹೊರಡುವ ಮುನ್ನವೇ ನೋಡಿಕೊಳ್ಳಿ. ಬೆಂಗಳೂರಿನ ಜಯನಗರದಂಥ ಬಡಾವಣೆಯಲ್ಲಿ ‘ನಾಲ್ಕನೇ ಅಡ್ಡರಸ್ತೆ’ ಎಂದಷ್ಟೇ ಹೇಳಿದರೆ ಯಾವ ಬ್ಲಾಕಿನದೆಂದು ಯಾರಿಗೂ ತಿಳಿಯದು. ಪದೇ ಪದೇ ಹೋಗುವ ಮನೆಗಳನ್ನು ಮ್ಯಾಪ್ಸ್‌ನಲ್ಲಿ ಸ್ವಂತ ಗುರುತಿನೊಂದಿಗೆ ಉಳಿಸಿಕೊಳ್ಳಿ.

ಮಾತನಾಡುವಾಗ ಕಿಟಕಿ ಏರಿಸಿ, ಎಸಿಯ ಗಾಳಿಯನ್ನು ಒಂದೆರಡು ಹಂತ ಇಳಿಸಿ. ಬಹಳಷ್ಟು ಕಾರುಗಳಲ್ಲಿ ಮೈಕ್ ಇರುವುದು ಒಳದೀಪದ ಬಳಿಯ ಸಣ್ಣ ರಂಧ್ರಗಳ ಹಿಂದೆ. ಅದಕ್ಕೆ ಸ್ಟಿಕ್ಕರೋ ಅಲಂಕಾರದ ಬಟ್ಟೆಯೋ ಮುಚ್ಚಿದ್ದರೆ ನಿಮ್ಮ ಮಾತು ಮಸುಕಾಗಿ ಕೇಳುತ್ತದೆ. ಗುಂಡಿ ಒತ್ತಿದ ನಂತರ ಬರುವ ಸದ್ದಿಗೆ ಕಾದು, ಹೇಳಬೇಕಾದುದನ್ನು ತಡವರಿಸದೆ ಒಂದೇ ಉಸಿರಿಗೆ ಹೇಳಿ. ಎರಡು ಸಲ ತಪ್ಪಾಗಿ ಕೇಳಿಸಿಕೊಂಡರೆ ಮೂರನೆಯ ಸಲ ಅದರೊಡನೆ ಜಗ್ಗಾಡಬೇಡಿ. ಬೇಸರದಿಂದ ಕದಡಿದ ಗಮನವೂ ರಸ್ತೆಯಿಂದ ಆಚೆಗೇ ಹೋಗಿರುತ್ತದೆ.

ಬಂದ ಸಂದೇಶಗಳನ್ನು ಸಹಾಯಕ ಗಟ್ಟಿಯಾಗಿ ಓದುತ್ತದೆ ಎಂಬುದು ನೆನಪಿರಲಿ. ಜೊತೆಯಲ್ಲಿ ಬೇರೆಯವರಿದ್ದಾಗ, ಆಸ್ಪತ್ರೆಯ ವರದಿಯೋ ಹಣಕಾಸಿನ ಮಾತೋ ಬರುವ ನಿರೀಕ್ಷೆಯಿದ್ದರೆ, ಆಂಡ್ರಾಯ್ಡ್ ಆಟೋದಲ್ಲಿ ಸಂದೇಶಗಳ ಅಧಿಸೂಚನೆಯನ್ನು ಆಫ್ ಮಾಡಿಟ್ಟುಕೊಳ್ಳಿ.

ಕೊನೆಯದು ಘಾಟಿಯ ಪ್ರಯಾಣ. ನೀವು ಹೇಳಿದ್ದನ್ನು ಅರ್ಥಮಾಡಿಕೊಳ್ಳುವ ಕೆಲಸದ ಹೆಚ್ಚಿನ ಭಾಗ ದೂರದ ಸರ್ವರುಗಳಲ್ಲಿ ನಡೆಯುವುದರಿಂದ, ನೆಟ್‌ವರ್ಕ್ ಬಂದುಹೋಗುವ ಶಿರಾಡಿ ಮತ್ತು ಚಾರ್ಮಾಡಿಯಂಥ ಕಡೆ ಸಹಾಯಕ ಮೂಕವಾಗಬಹುದು. ಆ ಪ್ರದೇಶದ ಆಫ್‌ಲೈನ್ ನಕ್ಷೆಯನ್ನು ಮನೆಯ ವೈಫೈನಲ್ಲೇ ಇಳಿಸಿಕೊಂಡಿದ್ದರೆ ದಾರಿ ಹೇಳುವುದು ಮಾತ್ರ ನಿಲ್ಲುವುದಿಲ್ಲ. ಮಂಗಳೂರಿನ ಕಡೆಗೆ ಹೊರಟವರು ಸಕಲೇಶಪುರದಲ್ಲಿ ಕಾಫಿಗೆ ನಿಲ್ಲಿಸಿದಾಗಲೇ ತಲುಪಬೇಕಾದ ಸ್ಥಳವನ್ನು ಹೇಳಿ, ಮಾಡಬೇಕಾದ ಕರೆಗಳನ್ನು ಮುಗಿಸಿಕೊಂಡು ಘಾಟಿ ಇಳಿಯಬೇಕು.