ಕುಲ್ಫಿ ಡಬ್ಬಿಯಿಂದ ಉಳಿದ ಉಗುರು

ನಾನು ಬಾಗಲಕೋಟೆಯ ನವನಗರದಲ್ಲಿ ಬ್ಲೌಸ್ ಹೊಲಿಯುವವಳು. ನಮ್ಮ ಮನೆಯವರದು ಕುಲ್ಫಿ ಗಾಡಿ. ಈ ಎರಡೂ ಇಲ್ಲದಿದ್ದರೆ ನನ್ನ ಉಗುರು ಉಳೀತಿರಲಿಲ್ಲ ಅಂತಲೇ ನನ್ನ ನಂಬಿಕೆ. ಕ್ಯಾನ್ಸರಿಗೆ ಕೀಮೋ ಔಷಧಿ ಏರಿಸುವ ಕುರ್ಚಿಯಲ್ಲಿ ಕೂತು ಎದ್ದವರಿಗೆ ಬರೆಯುತ್ತಿದ್ದೇನೆ, ಹಾಗಾಗಿ ಕೀಮೋ ಅಂದರೇನು ಅಂತ ಶುರು ಮಾಡಲ್ಲ.

ನನ್ನದು ಎಡಸ್ತನದ ಕ್ಯಾನ್ಸರ್. ಮೊದಲು ನಾಲ್ಕು ಸಲ ಕೆಂಪು ಬಣ್ಣದ ಕೀಮೋ ಔಷಧಿ, ಆಮೇಲೆ ಮೂರು ವಾರಕ್ಕೊಂದರಂತೆ ನಾಲ್ಕು ಸಲ ಡೊಸಿಟ್ಯಾಕ್ಸೆಲ್ ಅನ್ನೋ ಇನ್ನೊಂದು ಕೀಮೋ ಔಷಧಿ. ಕೆಂಪು ಔಷಧಿಗೆ ಕೂದಲು ಹೋಯಿತು, ಉಗುರಿನ ಮೇಲೆ ಕಪ್ಪು ಪಟ್ಟಿ ಬಂತು, ಅಷ್ಟೇ. ಡೊಸಿಟ್ಯಾಕ್ಸೆಲ್ ಹಾಗಲ್ಲ. ನನಗಿಂತ ಎರಡು ತಿಂಗಳು ಮುಂದಿದ್ದ ಒಬ್ಬ ಅಕ್ಕ ಕೈ ತೋರಿಸಿದರು. ಆರು ಉಗುರು ಬುಡದಿಂದ ಎದ್ದು, ಒಳಗೆ ನೀರು ತುಂಬಿ, ವಾಸನೆ ಬರುತ್ತಿತ್ತು. ಅವರಿಗೆ ಅನ್ನ ಕಲಸಿಕೊಳ್ಳಲೂ ಆಗುತ್ತಿರಲಿಲ್ಲ. ನನಗೋ ಹುಕ್ಕು ಹಚ್ಚಲು, ತಪ್ಪಿದ ಹೊಲಿಗೆ ಬಿಚ್ಚಲು ಹೆಬ್ಬೆರಳ ಉಗುರೇ ಬೇಕು. ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ಬೆರಳಿಗೆ ತಣ್ಣಗೆ ಹಿಡಿದರೆ ರಕ್ತನಾಳ ಕುಗ್ಗಿ ಉಗುರಿನ ಬುಡಕ್ಕೆ ಔಷಧಿ ಕಡಿಮೆ ಹೋಗುತ್ತದೆ ಅಂತ ನಾನು ಹೋಗುತ್ತಿದ್ದ ಬೆಳಗಾವಿ ಆಸ್ಪತ್ರೆಯ ಚಿಕ್ಕ ಡಾಕ್ಟರಮ್ಮ ಹೇಳಿದರು. 2005ರಲ್ಲಿ ಫ್ರಾನ್ಸಿನವರು 45 ಜನರ ಬಲಗೈಗೆ ಮಾತ್ರ ಹಿಮದ ಗ್ಲೌಸ್ ತೊಡಿಸಿ ನೋಡಿದ್ದರಂತೆ. ಗ್ಲೌಸ್ ಇಲ್ಲದ ಎಡಗೈಯಲ್ಲಿ ನೂರಕ್ಕೆ 51 ಜನರಿಗೆ ಉಗುರು ಕೆಟ್ಟಿತು, ಬಲಗೈಯಲ್ಲಿ 11 ಜನರಿಗೆ. ನಂಗೆ ಅಷ್ಟು ಸಾಕಾಯ್ತು. ಆದರೆ ಆ ಗ್ಲೌಸು ಹೊರದೇಶದ್ದು. ವಿಚಾರಿಸಿದಾಗ ಜೋಡಿಗೆ ಐದಾರು ಸಾವಿರ ಅಂದರು, ನಡುವೆ ಬದಲಿಸಲು ಎರಡು ಜೋಡಿ ಬೇಕು. ಔಷಧಿ ಏರಿಸಲು ಚರ್ಮದ ಕೆಳಗೆ ಕೂರಿಸುವ ಪೋರ್ಟ್ ಹಾಕಿಸಲಿಕ್ಕೇ ದುಡ್ಡಿರಲಿಲ್ಲ, ಇನ್ನು ಗ್ಲೌಸಿಗೆ ಎಲ್ಲಿಂದ ತರೋದು?

ಅತ್ತಿಗೆ ಕೇಳಿ ಹಣೆ ಬಡಿದುಕೊಂಡರು. "ಏನ ಹುಚ್ಚಿ ಅದಿಯವ್ವಾ, ಕೀಮೋದಾಗ ಐಸ್ ಹಿಡಕೊಂಡು ಕುಂತ್ರ ಥಂಡಿ ಹತ್ತೂದಿಲ್ಲೇನ?" ವಾರ್ಡಿನ ಸಿಸ್ಟರ್ ನಕ್ಕರು. ದೊಡ್ಡ ಡಾಕ್ಟರು ಮಾತ್ರ ಮೈಮೇಲೆ ಕಂಬಳಿ ಇರಲಿ, ಬೆರಳಿಗೆ ಉರಿ ಜಾಸ್ತಿಯಾದರೆ ತೆಗೆಯಬೇಕು ಅಂತ ಒಪ್ಪಿದರು.

ಮೊದಲ ಸಲ ಪೂರ್ತಿ ಫಜೀತಿ. ಥರ್ಮಾಸ್ ಫ್ಲಾಸ್ಕಿನಲ್ಲಿ ಐಸ್ ತುಂಡು ತುಂಬಿಕೊಂಡು ಹೋದೆವು. ಬೆಳಗಾವಿಗೆ ಲೋಕಾಪುರ, ಯರಗಟ್ಟಿ ಹಾದು ಬಸ್ಸಿನಲ್ಲಿ ಮೂರೂವರೆ ನಾಲ್ಕು ತಾಸು. ಅದೂ ಮಾರ್ಚ್ ಬಿಸಿಲು. ತಲುಪುವಷ್ಟರಲ್ಲಿ ಅರ್ಧ ನೀರು. ಉಳಿದದ್ದನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಹಿಡಿದರೆ ಹದಿನೈದು ನಿಮಿಷಕ್ಕೆ ಕರಗಿ ಹಾಸಿಗೆ ಒದ್ದೆ. ಸಿಸ್ಟರ್ ಬೈದರು, ಸರಿಯಾಗೇ ಬೈದರು.

ವಾಪಸ್ ಬರುವಾಗ ನಮ್ಮವರು ಯರಗಟ್ಟಿವರೆಗೆ ಮಾತಾಡಲಿಲ್ಲ. ಆಮೇಲೆ ಅಂದರು: "ಕುಲ್ಫಿ ಸಂಜೀತನಕ ಕರಗೂದಿಲ್ಲ, ನಿನ್ನ ಐಸ್ ಯಾಕ ಕರಗತೈತಿ?" ಮಡಕೆಯಲ್ಲಿ ಕುಲ್ಫಿ ಕಾಯೋದು ಬರೀ ಐಸ್ ಅಲ್ಲ, ಐಸ್ ಜೊತೆ ಹರಳುಪ್ಪು. ಉಪ್ಪು ಬಿದ್ದರೆ ಐಸ್ ಸೊನ್ನೆಗಿಂತ ಎಷ್ಟೋ ಕೆಳಗಿಳಿಯುತ್ತದೆ. ಎರಡನೇ ಸಲಕ್ಕೆ ಮೆಡಿಕಲ್‌ನಿಂದ ಎಂಟು ಜೆಲ್ ಪ್ಯಾಕ್ ತಂದೆವು, ಒಂದಕ್ಕೆ ನೂರು ನೂರಿಪ್ಪತ್ತು ಇರಬೇಕು. ರಾತ್ರಿ ಕುಲ್ಫಿ ಫ್ರೀಜರಿನಲ್ಲಿಟ್ಟು, ಬೆಳಗ್ಗೆ ಥರ್ಮಾಕೋಲ್ ಡಬ್ಬಿಯಲ್ಲಿ ಉಪ್ಪು-ಐಸಿನ ನಡುವೆ ಹೂತು ಒಯ್ದೆವು. ಬೆಳಗಾವಿಯಲ್ಲಿ ತೆಗೆದರೆ ಕಲ್ಲಿನ ಹಾಗೆ ಗಟ್ಟಿ! ಉಪ್ಪು ಎಷ್ಟು, ಪದರ ಹೇಗೆ ಅಂತ ಕೇಳಬೇಡಿ. ಅದು ನಮ್ಮವರ ಧಂದೆಯ ಗುಟ್ಟು.

ಆದರೆ ಉತ್ಸಾಹ ಜಾಸ್ತಿಯಾಯಿತು. ಉಪ್ಪುನೀರು ಒರೆಸದೆ ಪ್ಯಾಕನ್ನು ಬರೀ ಬೆರಳಿಗೇ ಕಟ್ಟಿಕೊಂಡೆ. ಬಲಗೈ ನಡುಬೆರಳಿಗೆ ಬೊಬ್ಬೆ ಎದ್ದಿತು, ಬೆಂಕಿ ಮುಟ್ಟಿದ ಹಾಗೆ. ಹಿಮವೂ ಸುಡುತ್ತದೆ. ಈ ವಿಷಯದಲ್ಲಿ ಗುಟ್ಟಿಲ್ಲ: ಪ್ಯಾಕ್ ಒರೆಸಿ, ಚರ್ಮದ ಮೇಲೆ ಮೊದಲು ಹತ್ತಿ ಗ್ಲೌಸ್, ಅದರ ಮೇಲೆ ಪ್ಯಾಕ್. ಡ್ರಿಪ್ ಶುರುವಾಗುವ ಕಾಲು ತಾಸು ಮುಂಚೆ ಹಾಕಬೇಕು, ಡ್ರಿಪ್ಪಿನ ಒಂದು ತಾಸು ಇರಬೇಕು, ಮುಗಿದ ಮೇಲೆ ಇನ್ನೂ ಕಾಲು ತಾಸು. ನಡುವೆ 45 ನಿಮಿಷಕ್ಕೆ ಪ್ಯಾಕ್ ಬದಲು. ಮೊದಲ ಹತ್ತು ನಿಮಿಷ ಜೀವ ಹೋಗುತ್ತದೆ, ಆಮೇಲೆ ಜೋಮು ಹಿಡಿದು ಸುಮ್ಮನಾಗುತ್ತದೆ.

ಮೂರನೇ ಸಲಕ್ಕೆ ನಾನೇ ಚೀಲ ಹೊಲಿದೆ. ಹಳೆ ರಗ್ಗಿನ ಬಟ್ಟೆ, ಒಳಗೆ ಲೈನಿಂಗ್, ಉಗುರಿನ ಮೇಲೆ ಪ್ಯಾಕ್ ಕೂರುವಂತೆ ಜೇಬು, ಅಂಗೈ ಖಾಲಿ. ಕಾಲಿಗೂ ಒಂದು ಜೋಡಿ. ಡಾಕ್ಟರಮ್ಮ ಫೋಟೋ ತೆಗೆದುಕೊಂಡು ಹೋದರು. ಕಟಿಂಗ್ ಹೇಳಲ್ಲ, ಬೇಕಾದವರಿಗೆ ಹೊಲಿದು ಕೊಡುತ್ತೇನೆ, ಬಟ್ಟೆ ದುಡ್ಡಷ್ಟೇ.

ಅವತ್ತೂ ಒಂದು ತಪ್ಪಾಯಿತು. ಎಡಗಡೆ ಆಪರೇಷನ್ ಆದ್ದರಿಂದ ಸೂಜಿ ಬಲಗೈಗೇ. ಅವರು ಕಿರುಬೆರಳ ಕಡೆಯ ಮಣಿಕಟ್ಟಿನಲ್ಲಿ ಚುಚ್ಚಿದರು. ಚೀಲ ಪೂರ್ತಿ ಏರಲಿಲ್ಲ, ಉಂಗುರದ ಬೆರಳು, ಕಿರುಬೆರಳು ಹೊರಗೇ ಉಳಿದವು. ಮುಂದಿನ ಸಲ ಮೊಣಕೈ ಕೆಳಗೆ, ಮುಂಗೈಯಲ್ಲಿ ಹಾಕಿ ಅಂತ ಬೇಡಿಕೊಂಡೆ. ಇನ್ನೊಂದು, ಸೂಜಿ ಹಾಕಿದ ಮೇಲೇ ಐಸ್. ಮೊದಲೇ ಕೈ ತಣ್ಣಗಾದರೆ ನರ ಅಡಗಿಕೊಳ್ಳುತ್ತದೆ.

ಲೆಕ್ಕ ಹೇಳಿಬಿಡುತ್ತೇನೆ. ಕೈಯಲ್ಲಿ ಎಂಟು ಉಗುರು ಗಟ್ಟಿ ಉಳಿದವು. ಎದ್ದದ್ದು ಎರಡೇ, ಅದೇ ಉಂಗುರದ ಬೆರಳು ಮತ್ತು ಕಿರುಬೆರಳು! ಮೊದಲೆರಡು ಸಲ ಕಾಲಿಗೆ ಏನೂ ಕಟ್ಟಿರಲಿಲ್ಲ, ಎಡಗಾಲ ಹೆಬ್ಬೆರಳಿನ ಉಗುರು ಪೂರ್ತಿ ಬಿತ್ತು. ಖರ್ಚು ಎಲ್ಲ ಸೇರಿ ಎರಡು ಸಾವಿರದೊಳಗೆ. ಔಷಧಿ ಸರ್ಕಾರಿ ಕಾರ್ಡಿನಲ್ಲಿ ಹೋಯಿತು, ನನ್ನ ಬಸ್ಸಿಗೆ ಶಕ್ತಿ ಯೋಜನೆಯ ಝೀರೋ ಟಿಕೆಟ್, ನಮ್ಮವರ ಟಿಕೆಟ್ ಮಾತ್ರ ಕೈಯಿಂದ. ನಿಜವಾದ ನಷ್ಟ ಬೇಸಿಗೆಯಲ್ಲಿ ಅವರ ನಾಲ್ಕು ದಿನದ ವ್ಯಾಪಾರ.

ಎಲ್ಲರೂ ಇದನ್ನು ಮಾಡಬಾರದು. ನನ್ನ ಚೀಲ ನೋಡಿ ಪಕ್ಕದ ಕುರ್ಚಿಯ ಕಾಕಾ ತಮಗೂ ಬೇಕು ಅಂದರು. ಅವರದು ದೊಡ್ಡ ಕರುಳಿನ ಕ್ಯಾನ್ಸರ್, ಆಕ್ಸಾಲಿಪ್ಲಾಟಿನ್ ಅನ್ನೋ ಕೀಮೋ ಔಷಧಿ ನಡೆದಿತ್ತು. ಸಿಸ್ಟರ್ ಓಡಿ ಬಂದು ತಡೆದರು. ಆ ಔಷಧಿಯವರಿಗೆ ತಣ್ಣೀರು ಮುಟ್ಟಿದರೂ ಬೆರಳು ಕರೆಂಟ್ ಹೊಡೆದ ಹಾಗೆ ಜುಂ ಅನ್ನುತ್ತದೆ. ಸಕ್ಕರೆ ಕಾಯಿಲೆಯಿಂದ ಪಾದ ಮರಗಟ್ಟಿದವರೂ ಡಾಕ್ಟರನ್ನು ಕೇಳದೆ ಮುಟ್ಟಬಾರದು, ಸುಟ್ಟರೂ ಗೊತ್ತಾಗಲ್ಲ.

ಬೇರೆ ಆಟಗಳನ್ನೂ ಆಡಿದೆ. ಕಪ್ಪು ಪಟ್ಟಿ ಮುಚ್ಚಲು ದಟ್ಟ ನೇಲ್ ಪಾಲಿಶ್ ಹಚ್ಚಿದೆ. ಬೆರಳಿಗೆ ಸಿಕ್ಕಿಸುವ ಆಕ್ಸಿಜನ್ ಮಷಿನ್ ಸರಿಯಾಗಿ ಓದಲಿಲ್ಲ, ಒರೆಸಿಸಿದರು. ಎದ್ದ ಉಗುರಿನ ಕೆಳಗೆ ಅವ್ವ ಅರಿಶಿನ-ಸುಣ್ಣ ಇಟ್ಟಳು, ಉರಿಗೆ ಕುಣಿದಾಡಿದೆ. ಕೊಬ್ಬರಿ ಎಣ್ಣೆಗಿಂತ ವ್ಯಾಸಲಿನ್ ನಿಂತಿತು, ಆದರೆ ಎಣ್ಣೆ ಬಟ್ಟೆಗೆ ಕಲೆ ಮಾಡುತ್ತದೆ ಅನ್ನೋದೂ ಅದಕ್ಕೊಂದು ಕಾರಣ. ಪಾತ್ರೆಗೆ ಕೈ ಹಾಕಲಿಲ್ಲ, ಹಾಕಿದರೆ ರಬ್ಬರ್ ಗ್ಲೌಸ್. ಉಗುರು ನೇರವಾಗಿ ಗಿಡ್ಡ ಕತ್ತರಿಸಿ, ಅಂಚಿನ ಚರ್ಮ ಕೀಳದೆ ಬಿಟ್ಟೆ. ಒಮ್ಮೆ ಕಿರುಬೆರಳ ಪಕ್ಕ ಕೀವು ಕಂಡು, ಜ್ವರ 101 ಬಂತು. ಆ ರಾತ್ರಿಯೇ ಆಸ್ಪತ್ರೆಗೆ ಹೋದೆವು. ಅಂಥ ಹೊತ್ತಿನಲ್ಲಿ ಮನೆಮದ್ದು ಮಾಡುತ್ತಾ ಕೂರಬೇಡಿ.

ಉಳಿದ ಉಗುರುಗಳ ಮೇಲೂ ಅಡ್ಡಗೆರೆ ಬಂದಿದ್ದವು, ಕೀಮೋ ಒಂದಕ್ಕೆ ಒಂದು. ಹೆಬ್ಬೆರಳ ಮೇಲೆ ಟೇಪು ಇಟ್ಟು ಅಳೆದೆ. ಗೆರೆ-ಗೆರೆ ನಡುವೆ ಹತ್ತಿರ ಹತ್ತಿರ ಎರಡು ಮಿಲಿಮೀಟರ್, ಮೂರು ವಾರದ ಬೆಳವಣಿಗೆ. ಕೊನೆಯ ಗೆರೆ ತುದಿ ಮುಟ್ಟಿದಾಗ ನವೆಂಬರ್. ನೇಲ್ ಕಟರಿನಿಂದ ನಾನೇ ಕತ್ತರಿಸಿದೆ. ಅವತ್ತು ಅತ್ತಿಗೆ ಮಗಳ ಮದುವೆಯ ಆರು ಬ್ಲೌಸ್ ತಂದು ಇಟ್ಟರು. ಹುಕ್ಕೆಲ್ಲ ಕೈಯಿಂದಲೇ ಹಚ್ಚಬೇಕು ಅಂದರು. ಥಂಡಿಯ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಹೊಲಿಗೆ ರೇಟು ಮಾತ್ರ ಕಡಿಮೆ ಮಾಡಲಿಲ್ಲ.